ಕೆಲವು ಗಂಟೆಗಳ ಮೊಹಲತ್ತು

ನನ್ನ ತವರು ಕೃಷ್ಣರಾಜಪೇಟೆ. ಮದುವೆಯಾಗಿ ಬಂದದ್ದು ಶ್ರೀರಂಗಪಟ್ಟಣದ ಗಂಜಾಂಗೆ. ತಂಗಿಯನ್ನು ಕೊಟ್ಟಿರುವುದು ನಾಗಮಂಗಲಕ್ಕೆ. ಈ ಊರುಗಳ ನಡುವೆ ಓಡಾಡುವಾಗ ಬಸ್ಸು ಬದಲಿಸಲು ಹೆಚ್ಚಾಗಿ ಇಳಿಯುವುದು ಪಾಂಡವಪುರದಲ್ಲಿ. ನಮ್ಮ ಮನೆತನದ ಒಳ್ಳೆಯ ಸುದ್ದಿ, ಕೆಟ್ಟ ಸುದ್ದಿಗಳೆಲ್ಲ ಈ ನಾಲ್ಕು ಊರುಗಳ ರಸ್ತೆಯಲ್ಲೇ ಓಡಾಡಿವೆ. ಅವುಗಳಲ್ಲಿ ಎರಡು ಕೆಟ್ಟ ಸುದ್ದಿಗಳ ನಡುವೆ ಹನ್ನೊಂದು ವರ್ಷಗಳ ಅಂತರವಿದೆ. ಒಂದು ಕಣ್ಣಿನದು, ಇನ್ನೊಂದು ತಲೆಯದು. ಎರಡರಲ್ಲೂ ಮಂಚದ ಪಕ್ಕದ ಕಂಬಿಗೆ ತೂಗುಹಾಕಿದ್ದು ಮಾತ್ರ ಒಂದೇ ಔಷಧಿಯ ಬಾಟಲಿ. ಅದರ ಹೆಸರು ಮ್ಯಾನಿಟಾಲ್.

ಮೊದಲನೆಯದು 2008ರ ಸೆಪ್ಟೆಂಬರಿನದು. ರಂಜಾನ್ ತಿಂಗಳು. ಅಮ್ಮಿಗೆ ಆಗ ಐವತ್ತಾರು ವರ್ಷ. ರಂಜಾನಿಗೆ ಎರಡು ತಿಂಗಳ ಮುಂಚಿನಿಂದಲೇ ಅವರು ಸಂಜೆ ಹೊತ್ತು ಬಲ್ಬಿನ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ ಎನ್ನುತ್ತಿದ್ದರು. ಒಂದೊಂದು ಸಂಜೆ ಹುಬ್ಬು ಒತ್ತಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದರು. ಮಲಗಿ ಎದ್ದರೆ ಸರಿಹೋಗುತ್ತಿತ್ತು. ನಾವು ಅದನ್ನು ಹೊಲಿಗೆ ಮಿಷನ್ನಿನ ಮೇಲೆ ಹಾಕಿದೆವು, ಹಳೆಯ ಕನ್ನಡಕದ ಮೇಲೆ ಹಾಕಿದೆವು. "ಅಮ್ಮಿಗೆ ನೂರ್ ಕಾಣಿಸ್ತಿದೆ" ಎಂದು ಮನೆಯ ಮಕ್ಕಳು ನಕ್ಕದ್ದೂ ಉಂಟು. ಅಮ್ಮಿಯೂ ನಕ್ಕಿದ್ದರು.

ಎಂಟನೆಯ ರೋಜಾದ ಸಂಜೆ ಇಫ್ತಾರ್ ಮುಗಿಸಿ ಎದ್ದವರೇ ಬಲಗಡೆಯ ತಲೆ ಹಿಡಿದುಕೊಂಡು ಕುಸಿದರಂತೆ. ವಾಂತಿ ಶುರುವಾಯಿತು. ಖಾಲಿ ಹೊಟ್ಟೆಗೆ ಕರಿದದ್ದು ತಿಂದದ್ದರಿಂದ ಪಿತ್ತ ಕೆರಳಿದೆ ಎಂದು ಮನೆಯವರು ತೀರ್ಮಾನಿಸಿದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲೂ ಅದನ್ನೇ ಅಂದು, ಹೊಟ್ಟೆನೋವಿಗೆ, ವಾಂತಿಗೆ ಸೂಜಿ ಹಾಕಿ ಕಳಿಸಿದರು. ಕಣ್ಣನ್ನು ಯಾರೂ ನೋಡಲಿಲ್ಲ. ಅಮ್ಮಿ ಕಣ್ಣಿನ ಮಾತನ್ನು ಎತ್ತಲೂ ಇಲ್ಲ. ಮರುದಿನ ಬಲಗಣ್ಣು ಕೆಂಪಗಾಗಿ ಮಂಜು ಕವಿದಿತ್ತು. ಅದಕ್ಕೆ ದುಪಟ್ಟಾದ ತುದಿಯನ್ನು ಅಡ್ಡ ಹಿಡಿದುಕೊಂಡೇ ಅಡುಗೆ ಮಾಡಿದರು. ರೋಜಾ ಬಿಡಲಿಲ್ಲ. ಕಣ್ಣಿಗೆ ಹನಿ ಹಾಕಿಸಿಕೊಳ್ಳಿ ಎಂದು ಪಕ್ಕದ ಮನೆಯವರು ಹೇಳಿದರೆ, ರೋಜಾ ಕೆಡುತ್ತದೆ, ಮಗ್ರಿಬ್ ಆಗಲಿ ಎಂದರು. ರೋಗಿಗೆ ರೋಜಾದಿಂದ ರಿಯಾಯಿತಿ ಇದೆ ಎಂಬುದು ಖುರಾನಿನಲ್ಲೇ ಇದೆ. ಅಮ್ಮಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ತಾನು ರೋಗಿ ಎಂದು ಒಪ್ಪಿಕೊಳ್ಳುವುದು ನಮ್ಮ ಮನೆಗಳ ಹೆಂಗಸರಿಗೆ ರೋಜಾ ಬಿಡುವುದಕ್ಕಿಂತ ಕಷ್ಟ. ಹಬ್ಬಕ್ಕೆ ಮೊದಲೇ ಮನೆಯವರ ಕೈಯಿಂದ ಖರ್ಚು ಮಾಡಿಸುವುದು ಅದಕ್ಕಿಂತಲೂ ಕಷ್ಟ.

ಮೂರನೆಯ ದಿನ ಅಬ್ಬಾ ಫೋನು ಮಾಡಿದರು. ನಾನು ಪಾಂಡವಪುರ, ಚಿನಕುರಳಿ ದಾರಿಯಲ್ಲಿ ಬಸ್ಸು ಹಿಡಿದು ಹೋದೆ. ಅಮ್ಮಿಯ ಮುಖ ನೋಡಿದ ತಕ್ಷಣ ಬಾಡಿಗೆ ಕಾರು ಮಾಡಿಸಿ ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಬಂದೆವು.

ಅಲ್ಲಿನ ಡಾಕ್ಟರಮ್ಮ ಯಂತ್ರ ಹಿಡಿಯುವುದಕ್ಕೂ ಮುಂಚೆ ಮಾಡಿದ್ದು ಒಂದು ಸಣ್ಣ ಕೆಲಸ. ಅಮ್ಮಿಗೆ ಕಣ್ಣು ಮುಚ್ಚಿ ಕೆಳಗೆ ನೋಡಲು ಹೇಳಿ, ರೆಪ್ಪೆಯ ಮೇಲೆ ಎರಡು ತೋರುಬೆರಳುಗಳಿಂದ ಮೆಲ್ಲಗೆ ಅದುಮಿ ನೋಡಿದರು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. "ಕಲ್ಲಿನ ಹಾಗಿದೆ" ಎಂದರು. ನಮ್ಮ ಅಬ್ಬಾದು ಪೇಟೆಯಲ್ಲಿ ಸೈಕಲ್ ಅಂಗಡಿ. ಟಯರಿನಲ್ಲಿ ಗಾಳಿ ಎಷ್ಟಿದೆ ಎಂದು ಅವರು ನೋಡುತ್ತಿದ್ದುದು ಹೆಬ್ಬೆರಳಿನಲ್ಲಿ ಅದುಮಿಯೇ. ಡಾಕ್ಟರಮ್ಮನ ಬೆರಳು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. "ಒತ್ತಡ ಜಾಸ್ತಿಯಾಗಿದೆಯಾ?" ಎಂದು ಅವರೇ ಕೇಳಿದರು. ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್ ಇರಬೇಕು. ಅಮ್ಮಿಯ ಬಲಗಣ್ಣಿನಲ್ಲಿ 58 ಇತ್ತು.

ಆಮೇಲೆ ಡಾಕ್ಟರಮ್ಮ ವಿವರಿಸಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಣ್ಣೀರಲ್ಲ, ಕಣ್ಣಿನ ಒಳಗೇ ಒಂದು ತಿಳಿನೀರು ಹಗಲೂ ರಾತ್ರಿಯೂ ಉತ್ಪತ್ತಿಯಾಗುತ್ತಿರುತ್ತದೆ. ಅದು ಕಣ್ಣಿನ ಮುಂಭಾಗಕ್ಕೆ ಬಂದು, ಕಪ್ಪುಗುಡ್ಡೆಯ ಅಂಚಿನಲ್ಲಿರುವ ಸಣ್ಣ ಮೂಲೆಯೊಂದರ ಜಾಲರಿಯಿಂದ ಸೋರಿ ರಕ್ತಕ್ಕೆ ಸೇರುತ್ತದೆ. ಮಂಡ್ಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ನಾವು ಬೆಳಗ್ಗೆ ಪೇಪರು ತೆರೆದರೆ ಮೊದಲು ನೋಡುವುದೇ ಕನ್ನಂಬಾಡಿ ಕಟ್ಟೆಯ ಒಳಹರಿವು, ಹೊರಹರಿವು. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಒಳಹರಿವು ಇರುವಷ್ಟೂ ಹೊತ್ತು ಹೊರಹರಿವಿಗೆ ದಾರಿ ಇರಲೇಬೇಕು. ಕೆಲವರ ಕಣ್ಣಿನಲ್ಲಿ ಆ ಮೂಲೆ ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ದಪ್ಪಗಾಗಿ ಅದನ್ನು ಇನ್ನಷ್ಟು ಒತ್ತುತ್ತದೆ. ಮಬ್ಬುಗತ್ತಲೆಯಲ್ಲಿ ಪಾಪೆ ಹಿಗ್ಗಿದಾಗ ಒಂದು ದಿನ ಮೂಲೆ ಪೂರ್ತಿ ಮುಚ್ಚಿಕೊಂಡುಬಿಡುತ್ತದೆ. ಒಳಹರಿವು ನಿಲ್ಲುವುದಿಲ್ಲ, ಹೊರಹರಿವು ಬಂದ್. ಇದೇ ಹಠಾತ್ ಗ್ಲಾಕೋಮಾ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ವಾಂತಿ, ಅರೆತಲೆನೋವು ಜೋರಾಗಿರುವುದರಿಂದ ಹೊಟ್ಟೆಯ ಕಾಯಿಲೆ ಎಂದು ಮೋಸಹೋಗುವುದು ಸಾಮಾನ್ಯ. ಹೊಟ್ಟೆ ಹಿಂಡುವುದಕ್ಕೆ ಕೊಡುವ ಕೆಲವು ಔಷಧಿಗಳು, ಕೆಲವು ನೆಗಡಿ ಮಾತ್ರೆಗಳು ಪಾಪೆಯನ್ನು ಇನ್ನೂ ಹಿಗ್ಗಿಸಿ ಇದ್ದ ದಾರಿಯನ್ನೂ ಮುಚ್ಚಬಲ್ಲವು. ದೀಪದ ಸುತ್ತ ಕಾಣುತ್ತಿದ್ದ ಬಣ್ಣದ ಬಳೆಗಳು ನೂರ್ ಆಗಿರಲಿಲ್ಲ. ಒತ್ತಡಕ್ಕೆ ಕಣ್ಣಿನ ಗಾಜು ನೀರು ಹೀರಿ ಮಸುಕಾಗುವುದರ ಗುರುತು ಅದು.

ಹನಿ ಹಾಕಿದರು, ಮಾತ್ರೆ ಕೊಟ್ಟರು. ಜೊತೆಗೆ ಮ್ಯಾನಿಟಾಲ್ ಬಾಟಲಿ ತೂಗುಹಾಕಿದರು. ಶೇ 20ರ ದ್ರಾವಣ, ಅಂದರೆ 100 ಮಿಲಿಲೀಟರಿನಲ್ಲಿ 20 ಗ್ರಾಂ. ಅಮ್ಮಿಯ ತೂಕ ಸುಮಾರು 60 ಕಿಲೋ. ಕಿಲೋಗೆ ಒಂದು ಗ್ರಾಂ ಲೆಕ್ಕದಲ್ಲಿ 300 ಮಿಲಿಲೀಟರ್. ಮುಕ್ಕಾಲು ಗಂಟೆಯಲ್ಲಿ ಅದು ಅಮ್ಮಿಯ ಕೈಯೊಳಗೆ ಇಳಿಯಿತು.

ಅದು ಮಾಡುವ ಕೆಲಸ ನಮ್ಮ ಅಡುಗೆಮನೆಯದ್ದೇ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿ ಮುಚ್ಚಿಡುತ್ತೇವೆ. ನಾವು ಒಂದು ತೊಟ್ಟು ನೀರು ಹಾಕಿರುವುದಿಲ್ಲ. ಬೆಳಗ್ಗೆ ನೋಡಿದರೆ ಜಾಡಿಯಲ್ಲಿ ನೀರು ನಿಂತಿರುತ್ತದೆ, ಹೋಳು ಸುಕ್ಕಾಗಿರುತ್ತದೆ. ಹೊರಗೆ ಉಪ್ಪು ಜಾಸ್ತಿ, ಒಳಗೆ ಕಡಿಮೆ. ಆದ್ದರಿಂದ ಹೋಳಿನ ಪೊರೆಯನ್ನು ದಾಟಿ ನೀರು ಹೊರಗೆ ಬರುತ್ತದೆ. ಮ್ಯಾನಿಟಾಲ್ ಸಕ್ಕರೆಯ ಸಂಬಂಧಿ, ಆದರೆ ದೇಹ ಅದನ್ನು ಸಕ್ಕರೆಯಂತೆ ಉಣ್ಣುವುದಿಲ್ಲ. ಅದು ಜೀವಕೋಶದೊಳಕ್ಕೆ ಹೋಗುವುದಿಲ್ಲ. ಕಣ್ಣಿಗೂ ಮೆದುಳಿಗೂ ಇರುವ ಕಾವಲುಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ. ರಕ್ತದಲ್ಲೇ ನಿಂತು ಆ ಗೋಡೆಯಾಚೆಯ ನೀರನ್ನು ತನ್ನ ಕಡೆಗೆ ಸೆಳೆಯುತ್ತದೆ. ಕಣ್ಣಿನ ಹಿಂಭಾಗದ ಲೋಳೆ ನೀರು ಕಳೆದುಕೊಂಡು ಕುಗ್ಗುತ್ತದೆ, ಮಸೂರ ಹಿಂದೆ ಸರಿಯುತ್ತದೆ, ಮುಚ್ಚಿದ ಮೂಲೆಗೆ ಸ್ವಲ್ಪ ಜಾಗ ಸಿಗುತ್ತದೆ. ಆಮೇಲೆ ಮ್ಯಾನಿಟಾಲ್ ಮೂತ್ರಪಿಂಡಕ್ಕೆ ಹೋಗುತ್ತದೆ. ಮೂತ್ರಪಿಂಡ ಅದನ್ನು ಸೋಸುತ್ತದೆ, ವಾಪಸು ಹೀರುವುದಿಲ್ಲ. ಅದು ಹೋಗುವಾಗ ನೀರನ್ನೂ ಕಟ್ಟಿಕೊಂಡು ಹೋಗುತ್ತದೆ.

ಆ ಹೋಗುವ ನೀರೇ ಅಮ್ಮಿಗೆ ದೊಡ್ಡ ಪರೀಕ್ಷೆಯಾಯಿತು. ವಾರ್ಡಿನಲ್ಲಿ ಹತ್ತು ಜನ, ಎದುರು ಮಂಚದಲ್ಲಿ ಗಂಡಸರು ಕೂತಿದ್ದಾರೆ. ಅರ್ಧ ಗಂಟೆಗೊಮ್ಮೆ ಬಾಟಲಿ ಎತ್ತಿಕೊಂಡು ನಾನು ಹಿಂದೆ, ಅವರು ಮುಂದೆ. ಮೂರನೆಯ ಸಲಕ್ಕೆ ಅಮ್ಮಿ ಅತ್ತುಬಿಟ್ಟರು. ನೋವಿಗೆ ಅತ್ತಿರಲಿಲ್ಲ, ನಾಚಿಕೆಗೆ ಅತ್ತರು. ಈಗ ಯೋಚಿಸಿದರೆ ಮೂರು ದಿನ ಕಣ್ಣನ್ನು ಮುಚ್ಚಿಟ್ಟದ್ದೂ ಅದೇ ನಾಚಿಕೆ. ಕೆಲವು ಕಡೆ ಇದೇ ಕೆಲಸಕ್ಕೆ ಗ್ಲಿಸರಾಲನ್ನು ನಿಂಬೆರಸದಲ್ಲಿ ಬೆರೆಸಿ ಕುಡಿಸುತ್ತಾರೆ. ಅದು ಮಂದವಾದ ಸಿಹಿ, ವಾಂತಿ ತರಿಸುತ್ತದೆ, ಸಕ್ಕರೆ ಕಾಯಿಲೆಯವರಿಗೆ ಆಗುವುದಿಲ್ಲ. ಮೊದಲೇ ವಾಂತಿಯಿಂದ ಬಳಲಿದ್ದ ಅಮ್ಮಿಗೆ ರಕ್ತನಾಳದ ದಾರಿಯೇ ಸರಿ ಎಂದಿದ್ದರು.

ಒಂದೂವರೆ ಗಂಟೆಯ ನಂತರ ಒತ್ತಡ 34ಕ್ಕೆ ಬಂದಿತ್ತು. ಅಮ್ಮಿ ಹುಬ್ಬಿನಿಂದ ಕೈ ತೆಗೆದು, "ಯಾರೋ ತಲೆಯ ಮೇಲಿಂದ ಕಲ್ಲು ಇಳಿಸಿದರು" ಎಂದರು. ಅಬ್ಬಾ "ಶುಕ್ರ್" ಎಂದು ಟೋಪಿ ಸರಿಮಾಡಿಕೊಂಡು, "ಹಾಗಾದರೆ ನಾಳೆ ಊರಿಗೆ ಹೋಗಬಹುದಾ?" ಎಂದು ಕೇಳಿದರು. ಡಾಕ್ಟರಮ್ಮ ಇಲ್ಲ ಎಂದು ತಲೆ ಆಡಿಸಿದರು. ಈ ಔಷಧಿಯ ಕೆಲಸ ನಾಲ್ಕಾರು ಗಂಟೆ ಮಾತ್ರ, ಮುಚ್ಚಿದ ಬಾಗಿಲು ಹಾಗೇ ಇದೆ, ಈ ಸಮಯದೊಳಗೆ ನಾವು ಬೇರೆ ದಾರಿ ಮಾಡಬೇಕು ಎಂದರು. ಮರುದಿನ ಕಣ್ಣಿನ ಗಾಜು ತಿಳಿಯಾದ ಮೇಲೆ ಲೇಸರಿನಿಂದ ಪಾಪೆಯ ಪಕ್ಕದ ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ನೀರಿಗೆ ಹೊಸ ದಾರಿ ಕೊಟ್ಟರು. ಎಡಗಣ್ಣಿನ ಮೂಲೆಯೂ ಕಿರಿದಾಗಿದ್ದರಿಂದ ಅದಕ್ಕೂ ಮುಂಚಿತವಾಗಿ ಅದನ್ನೇ ಮಾಡಿದರು.

ಎಡಗಣ್ಣು ಉಳಿಯಿತು. ಬಲಗಣ್ಣಿನ ನರ ಮೂರು ದಿನಗಳ ಒತ್ತಡದಲ್ಲಿ ಸತ್ತಷ್ಟು ಸತ್ತಿತ್ತು. ಅದು ಇವತ್ತಿಗೂ ಬೆಳಕು, ನೆರಳು ಮಾತ್ರ ಗುರುತಿಸುತ್ತದೆ. ಬಂದ ದಿನವೇ ಬಂದಿದ್ದರೆ ಎಂದು ಡಾಕ್ಟರಮ್ಮ ಮಾತು ನಿಲ್ಲಿಸಿದರು.

ಅಬ್ಬಾ ಬಸ್ಸಿನಲ್ಲಿ ಒಂದು ಮಾತು ಹೇಳಿದರು. ಅಂಗಡಿಗೆ ಮಾಲು ತರಲು ಸಾಲ ಮಾಡಿದಾಗಲೆಲ್ಲ ಅವರು ಸಾಹುಕಾರರ ಹತ್ತಿರ ಹೋಗಿ ಮೊಹಲತ್ ಕೇಳುತ್ತಿದ್ದರು. ಹತ್ತು ದಿನ, ಹದಿನೈದು ದಿನ. "ಮೊಹಲತ್ ಅಂದರೆ ಮಾಫಿ ಅಲ್ಲ ಬೇಟಾ. ಸಾಲ ಹಾಗೇ ಇರುತ್ತೆ. ಆ ಬಾಟಲಿ ಕೊಟ್ಟದ್ದು ಮೊಹಲತ್." ವೈದ್ಯಕೀಯ ಪುಸ್ತಕಗಳಲ್ಲಿ ಎಷ್ಟು ಓದಿದರೂ ಆ ಔಷಧಿಗೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ.

ಎರಡನೆಯದು 2019ರ ಡಿಸೆಂಬರಿನದು. ತಂಗಿಯ ಮನೆಯಲ್ಲಿ ಒಂದು ನಿಕಾಹ್ ಇತ್ತು. ನಾನು ನಾಲ್ಕು ದಿನ ಮುಂಚೆಯೇ ನಾಗಮಂಗಲಕ್ಕೆ ಹೋಗಿದ್ದೆ. ತಂಗಿಯ ಮಗನಿಗೆ ಆಗ ಹತ್ತೊಂಬತ್ತು. ಸಂಜೆ ಬೆಳ್ಳೂರು ಕ್ರಾಸಿನಿಂದ ಬೈಕಿನಲ್ಲಿ ವಾಪಸು ಬರುವಾಗ ಬಿದ್ದ. ಹೆಲ್ಮೆಟ್ ಇತ್ತು, ಮನೆಯ ಮೊಳೆಗೆ ನೇತುಹಾಕಿತ್ತು. ದಾರಿಹೋಕರು ಆಟೋದಲ್ಲಿ ಆಸ್ಪತ್ರೆಗೆ ತಂದು ಹಾಕಿದ್ದರು. ನಾವು ಹೋದಾಗ ಹುಡುಗ ಎದ್ದು ಕೂತಿದ್ದ. ನೀರು ಕೇಳಿದ. ಕಿವಿಯ ಮೇಲೆ ಊದಿದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ಖಾಲಾ, ಮನೆಗೆ ಹೋಗೋಣ" ಎಂದ. ನಮ್ಮವರೆಲ್ಲ ಅದಕ್ಕೇ ತಯಾರಾಗಿದ್ದರು. ಮದುವೆಮನೆ, ನೆಂಟರು, ಸುಮ್ಮನೆ ಯಾಕೆ ರಾತ್ರಿಯೆಲ್ಲ ಆಸ್ಪತ್ರೆ ಎಂದು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಮಾತ್ರ ಕಳಿಸುವುದಿಲ್ಲ ಎಂದು ಹಟ ಹಿಡಿದ. ನಮ್ಮ ಭಾವ ಅವನ ಮೇಲೆ ರೇಗಿದ್ದರು ಕೂಡ.

ಮುಕ್ಕಾಲು ಗಂಟೆಯಲ್ಲಿ ಹುಡುಗ ವಾಂತಿ ಮಾಡಿದ. ಮಾತು ತೊದಲಿತು. ನಿದ್ದೆ ಬರುತ್ತಿದೆ ಎಂದ. ಡಾಕ್ಟರು ಟಾರ್ಚು ಹಾಕಿ ನೋಡಿದಾಗ ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. "ಸಿಸ್ಟರ್, ಮ್ಯಾನಿಟಾಲ್" ಎಂದು ಕೂಗಿದ. ಹನ್ನೊಂದು ವರ್ಷದ ಮೇಲೆ ಆ ಹೆಸರು ಕೇಳಿ ನನ್ನ ಕೈ ತಣ್ಣಗಾಯಿತು.

ಸಿಸ್ಟರ್ ಬಾಟಲಿ ತೆಗೆದು ಬೆಳಕಿಗೆ ಹಿಡಿದರು. ತಳದಲ್ಲಿ ಕಲ್ಲುಸಕ್ಕರೆಯ ಪುಡಿಯಂತೆ ಹರಳುಗಳು. ಹಾಳಾಗಿದೆ ಎಂದು ನಾವು ಗಾಬರಿಯಾದೆವು. ಹಾಳಾಗಿರಲಿಲ್ಲ. ಈ ದ್ರಾವಣ ಎಷ್ಟು ಗಟ್ಟಿ ಎಂದರೆ ಡಿಸೆಂಬರಿನ ಚಳಿಗೆ ಹರಳುಗಟ್ಟಿಬಿಡುತ್ತದೆ. ಇನ್ನೊಂದು ಬಾಟಲಿಯೂ ಹಾಗೇ ಇತ್ತು. ಸಿಸ್ಟರ್ ಬಿಸಿನೀರಿನಲ್ಲಿ ಮುಳುಗಿಸಿ ಅಲುಗಾಡಿಸಿ ಕರಗಿಸಿದರು, ಮೈಬಿಸಿಗೆ ಆರಿಸಿ, ಜಾಲರಿ ಇರುವ ನಳಿಕೆಯಲ್ಲಿ ಏರಿಸಿದರು. ಹರಳು ರಕ್ತಕ್ಕೆ ಹೋಗಬಾರದು. ಆ ಐದಾರು ನಿಮಿಷ ತಂಗಿ ಸಿಸ್ಟರ್ ಕೈಯನ್ನೇ ನೋಡುತ್ತಾ ಆಯತುಲ್ ಕುರ್ಸಿ ಓದುತ್ತಿದ್ದಳು.

ತಲೆಬುರುಡೆ ಮುಚ್ಚಿದ ಡಬ್ಬಿ. ಅದರೊಳಗೆ ಸುಮಾರು ಶೇ 80 ಮೆದುಳು, ಉಳಿದದ್ದು ರಕ್ತ ಮತ್ತು ಮೆದುಳ ನೀರು. ಡಬ್ಬಿ ಹಿಗ್ಗುವುದಿಲ್ಲ, ಆದ್ದರಿಂದ ಒಂದು ಜಾಸ್ತಿಯಾದರೆ ಇನ್ನೊಂದು ಜಾಗ ಬಿಡಬೇಕು. ಅಲೆಕ್ಸಾಂಡರ್ ಮನ್ರೋ 1783ರಲ್ಲಿ ಮತ್ತು ಜಾರ್ಜ್ ಕೆಲ್ಲಿ 1824ರಲ್ಲಿ ಹೇಳಿದ ಈ ಮಾತು ಇವತ್ತಿಗೂ ನರವೈದ್ಯರ ಮೊದಲ ಪಾಠ. ಏಟಿಗೆ ರಕ್ತ ಕಟ್ಟಿಕೊಂಡಾಗ, ಗೆಡ್ಡೆ ಬೆಳೆದಾಗ, ಒಂದು ಕಾಲದಲ್ಲಿ ನಮ್ಮ ಗದ್ದೆಬಯಲಿನ ಹಳ್ಳಿಗಳ ಮಕ್ಕಳನ್ನು ಹೆದರಿಸುತ್ತಿದ್ದ ಮೆದುಳು ಜ್ವರದಲ್ಲಿ ಊತ ಬಂದಾಗ, ಬಿಡಲು ಜಾಗ ಮುಗಿದುಹೋಗುತ್ತದೆ. ಆಗ ಮೆದುಳು ತಾನೇ ಕೆಳಗಿನ ಕಿಂಡಿಗೆ ಜಾರತೊಡಗುತ್ತದೆ. ಪಾಪೆ ದೊಡ್ಡದಾಗುವುದು ಅದರ ಎಚ್ಚರಿಕೆ. ಅಲ್ಲಿಂದ ಸಾವು ದೂರವಿಲ್ಲ.

ರಕ್ತವನ್ನು ಗಟ್ಟಿ ಮಾಡಿದರೆ ಮೆದುಳು ಕುಗ್ಗುತ್ತದೆ ಎಂದು ಮೊದಲು ತೋರಿಸಿದವರು ಅಮೆರಿಕದ ವೀಡ್ ಮತ್ತು ಮೆಕಿಬೆನ್, 1919ರಲ್ಲಿ, ಬೆಕ್ಕುಗಳ ರಕ್ತಕ್ಕೆ ಗಟ್ಟಿ ಉಪ್ಪುನೀರು ಕೊಟ್ಟು. 1950ರ ದಶಕದಲ್ಲಿ ಯೂರಿಯಾ ಬಂತು. ಅದು ನಿಧಾನವಾಗಿ ಮೆದುಳಿನೊಳಗೂ ನುಗ್ಗಿ ಒತ್ತಡವನ್ನು ಮತ್ತೆ ಏರಿಸುತ್ತಿತ್ತು. 1960ರ ದಶಕದ ಆರಂಭದಲ್ಲಿ ಮ್ಯಾನಿಟಾಲ್ ಅದರ ಜಾಗಕ್ಕೆ ಬಂತು. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದಿದೆ. ಈಗ ಅನೇಕ ಕಡೆ ಗಟ್ಟಿ ಉಪ್ಪುನೀರನ್ನೂ ಬಳಸುತ್ತಾರೆ. ಮಾಮೂಲಿ ಗ್ಲೂಕೋಸ್ ಬಾಟಲಿ ಮಾತ್ರ ಇಲ್ಲಿ ಶತ್ರು. ಸಕ್ಕರೆಯನ್ನು ದೇಹ ಉಂಡುಬಿಡುತ್ತದೆ, ಉಳಿದ ನೀರು ಮೆದುಳಿಗೇ ಸೇರಿ ಊತ ಹೆಚ್ಚಿಸುತ್ತದೆ.

ಡಾಕ್ಟರು 108 ಆಂಬುಲೆನ್ಸಿಗೆ ಹೇಳಿ, ನರಶಸ್ತ್ರವೈದ್ಯರಿರುವ ಆಸ್ಪತ್ರೆಗೆ ತಾನೇ ಫೋನು ಮಾಡಿ, ಭಾವನಿಗೆ ಹೇಳಿದ ಮಾತು ಇಷ್ಟೇ: "ಇದು ವಾಸಿ ಮಾಡೋ ಔಷಧಿ ಅಲ್ಲ ಸರ್. ಸ್ವಲ್ಪ ಟೈಮ್ ಕೊಡುತ್ತೆ. ಆ ಟೈಮಲ್ಲಿ ನೀವು ತಲುಪಿಬಿಡಬೇಕು." ನನಗೆ ಅಬ್ಬಾ ನೆನಪಾದರು. ಅಷ್ಟರಲ್ಲಿ ಅವರು ತೀರಿಹೋಗಿ ಮೂರು ವರ್ಷವಾಗಿತ್ತು.

ಸ್ಕ್ಯಾನಿನಲ್ಲಿ ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ಗಡ್ಡೆಯಾಗಿತ್ತು. ಬಿದ್ದ ನಾಲ್ಕು ಗಂಟೆಯೊಳಗೆ ತೆಗೆದರು. ಹುಡುಗ ಉಳಿದ. ಈಗ ಅವನಿಗೆ ವಾಸನೆ ಗೊತ್ತಾಗುವುದಿಲ್ಲ. ಹಬ್ಬದ ಬಿರಿಯಾನಿಯ ಎದುರು ಕೂತಾಗ ಒಂದು ಕ್ಷಣ ಸುಮ್ಮನಾಗುತ್ತಾನೆ, ಆಮೇಲೆ ಉಣ್ಣುತ್ತಾನೆ. ಹೆಲ್ಮೆಟ್ ಇಲ್ಲದೆ ಹೊರಟ ಯಾರನ್ನೂ ಆ ಮನೆಯಲ್ಲಿ ಈಗ ಬೈಕು ಹತ್ತಲು ಬಿಡುವುದಿಲ್ಲ.

ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ ಹಿರಿಯರೊಬ್ಬರು ಬಾಟಲಿಯ ಹೆಸರು ಕೇಳಿ, ಅದು ನಮ್ಮ 'ಮನ್' ಅಲ್ಲವೇ ಎಂದರು. ಅವರ ಊಹೆ ಪೂರ್ತಿ ತಪ್ಪಲ್ಲ. ನಾನು ಉರ್ದು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಮರಳುಗಾಡಿನಲ್ಲಿ ಬನಿ ಇಸ್ರಾಯೀಲರಿಗೆ ಇಳಿದ ಮನ್ನ್-ಒ-ಸಲ್ವಾದ ಕಥೆಯನ್ನು ಉಸ್ತಾದರು ಹೇಳುವಾಗ ನಾವು ಬಾಯಿ ಚಪ್ಪರಿಸುತ್ತಿದ್ದೆವು. ದಕ್ಷಿಣ ಯೂರೋಪಿನ, ಮುಖ್ಯವಾಗಿ ಸಿಸಿಲಿಯ ಒಂದು ಮರದ ತೊಗಟೆ ಗೀರಿದರೆ ಒಸರುವ ಸಿಹಿ ರಸಕ್ಕೂ ಜನ ಮನ್ನಾ ಎಂದೇ ಹೆಸರಿಟ್ಟರು. ಅದರಿಂದ ಬೇರ್ಪಡಿಸಿದ ಸಕ್ಕರೆಗೆ ಮ್ಯಾನಿಟಾಲ್ ಎಂಬ ಹೆಸರು ಬಂತು. ನಮ್ಮ ಯುನಾನಿ ಹಕೀಮರು ಶೀರ್‌ಖಿಶ್ತ್, ತುರಂಜಬೀನ್ ಎಂಬ ಇಂಥದೇ ಗಿಡದ ಸಿಹಿಗಳನ್ನು ಹೊಟ್ಟೆ ಸಡಿಲಿಸಲು ಕೊಡುತ್ತಿದ್ದರು. ಇವತ್ತಿನ ಮ್ಯಾನಿಟಾಲನ್ನು ಕಾರ್ಖಾನೆಯಲ್ಲಿ ಹಣ್ಣಿನ ಸಕ್ಕರೆಯಿಂದ ತಯಾರಿಸುತ್ತಾರೆ. ಹಿರಿಯರು ಮುಂದುವರಿದು, ಒಂದು ಬಗೆಯ ಅಣಬೆ ಮನ್ನಿನ ಜಾತಿಯದು, ಅದರ ನೀರು ಕಣ್ಣಿಗೆ ಶಿಫಾ ಎಂಬ ಹದೀಸನ್ನು ನೆನಪಿಸಿ, ನೋಡಿ, ಎಲ್ಲ ಮೊದಲೇ ಹೇಳಿದೆ ಎಂದರು. ನಾನು ಅವರೊಂದಿಗೆ ವಾದಿಸಲಿಲ್ಲ. ಆದರೆ ಅಲ್ಲಿನ ಅಣಬೆಯ ನೀರು ಬೇರೆ, ಈ ಬಾಟಲಿ ಬೇರೆ. ನನ್ನ ಈಮಾನಿಗೆ ಬಾಟಲಿಯ ಸಾಕ್ಷಿ ಬೇಕಿಲ್ಲ. ಬಾಟಲಿಗೂ ನನ್ನ ಸಾಕ್ಷಿ ಬೇಕಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಈಚೆಗೆ ನಮ್ಮ ಊರುಗಳಲ್ಲಿ ಯಾರಿಗೆ ಲಕ್ವ ಹೊಡೆದರೂ, ಯಾರ ತಲೆಗೆ ಏಟು ಬಿದ್ದರೂ ನೆಂಟರೇ "ಮ್ಯಾನಿಟಾಲ್ ಹಾಕಿ" ಎನ್ನುವುದನ್ನು ಕೇಳಿದ್ದೇನೆ. ಅದು ಎಲ್ಲರಿಗೂ ಹಾಕುವ ಔಷಧಿಯಲ್ಲ. ನೀರನ್ನು ರಕ್ತಕ್ಕೆ ಸೆಳೆಯುವುದರಿಂದ ಮೊದಲ ಸ್ವಲ್ಪ ಹೊತ್ತು ಹೃದಯದ ಮೇಲೆ ಹೊರೆ ಬೀಳುತ್ತದೆ. ದುರ್ಬಲ ಹೃದಯದವರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮೂತ್ರಪಿಂಡ ಕೆಟ್ಟವರಲ್ಲಿ ಅದು ಹೊರಗೆ ಹೋಗದೆ ಉಳಿಯುತ್ತದೆ. ಮತ್ತೆ ಮತ್ತೆ ಕೊಟ್ಟರೆ ದೇಹ ಒಣಗಿ ಲವಣಗಳು ಏರುಪೇರಾಗುತ್ತವೆ, ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ, ಕೊನೆಗೆ ಅದು ತಾನೇ ಮೆದುಳಿಗೆ ಸೋರಿ ನೀರನ್ನು ಒಳಕ್ಕೆ ಎಳೆಯಬಹುದು. ಪದೇ ಪದೇ ಕೇಳಿದ ಮೊಹಲತ್ತಿಗೆ ಬಡ್ಡಿಯೂ ಬೆಳೆಯುತ್ತದೆ. ಯಾವಾಗ, ಎಷ್ಟು ಎಂಬುದನ್ನು ಡಾಕ್ಟರಿಗೇ ಬಿಡಬೇಕು.

ನಮ್ಮ ಕೈಯಲ್ಲಿರುವುದು ಅದಕ್ಕಿಂತ ಮೊದಲಿನ ಸಮಯ. ಆ ಸಮಯಕ್ಕೆ ಬಾಟಲಿ ಬೇಕಿಲ್ಲ, ದುಡ್ಡೂ ಹೆಚ್ಚು ಬೇಕಿಲ್ಲ. ದೀಪದ ಸುತ್ತ ಬಳೆ ಕಾಣುತ್ತದೆ ಎಂದು ಅಮ್ಮಿ ಹೇಳಿದ ದಿನದಿಂದ ಎಂಟನೆಯ ರೋಜಾದವರೆಗೆ ನಮಗೆ ಎರಡು ತಿಂಗಳ ಮೊಹಲತ್ ಇತ್ತು. ಅದನ್ನು ನಾವು ನಕ್ಕು ಕಳೆದೆವು. ಬೈಕಿನಿಂದ ಬಿದ್ದ ಹುಡುಗನ ಮುಕ್ಕಾಲು ಗಂಟೆಯನ್ನೂ ನಾವು ಹಾಗೇ ಕಳೆಯುವವರಿದ್ದೆವು. ಒಬ್ಬ ಅಪರಿಚಿತ ಹುಡುಗ ಡಾಕ್ಟರನ ಹಟ ನಮ್ಮನ್ನು ಉಳಿಸಿತು.

ಈ ಬಗೆಯ ಗ್ಲಾಕೋಮಾ ರಕ್ತಸಂಬಂಧಿಗಳಲ್ಲಿ ಬರುವ ಸಂಭವ ಹೆಚ್ಚು. ಇದು ಗೊತ್ತಿದ್ದೂ ನಾನು ನನ್ನ ಕಣ್ಣು ತೋರಿಸಿಕೊಳ್ಳಲು ವರ್ಷಗಟ್ಟಲೆ ತಡಮಾಡಿದೆ. ಮಕ್ಕಳ ಪರೀಕ್ಷೆ, ಅತ್ತೆಯ ಮೊಣಕಾಲು, ಬರೆಯಬೇಕಾದ ಕಥೆ, ಒಂದಲ್ಲ ಒಂದು ನೆಪ. ನಲವತ್ತು ದಾಟಿದ ಮೇಲೆ ಒಂದು ದಿನ ತಂಗಿಯನ್ನು ನಾಗಮಂಗಲದಿಂದ ಬರಹೇಳಿ, ಇಬ್ಬರೂ ಪಾಂಡವಪುರದಲ್ಲಿ ಸೇರಿಕೊಂಡು ಮೈಸೂರಿಗೆ ಹೋದೆವು. ತಂಗಿಯ ಕಣ್ಣು ಸರಿಯಾಗಿತ್ತು. ನನ್ನ ಎರಡೂ ಕಣ್ಣಿನ ಮೂಲೆಗಳು ಅಮ್ಮಿಯದರಂತೆಯೇ ಕಿರಿದಾಗಿದ್ದವು. ಲೇಸರ್ ಮಾಡಿಸಿಕೊಂಡೆ. ಕೂತ ಕುರ್ಚಿಯಲ್ಲೇ ಮುಗಿಯಿತು, ಸಂಜೆಗೆ ಮನೆಗೆ ಬಂದು ಅಡುಗೆ ಮಾಡಿದೆ.

ಅಮ್ಮಿಗೆ ಫೋನು ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈಗಲೂ ಫಜರ್ ಆದ ಮೇಲೆ ಎಡಗಣ್ಣನ್ನು ಪುಟದ ಹತ್ತಿರ ತಂದು ಖುರಾನ್ ಓದುತ್ತಾರೆ. "ನಿನ್ನ ಮಗಳನ್ನೂ ಕರೆದುಕೊಂಡು ಹೋಗಬೇಕು, ನೆನಪಿಟ್ಟುಕೋ" ಎಂದರು. ಅವಳಿಗೆ ಇನ್ನೂ ಹದಿನೇಳು. ಸಮಯವಿದೆ ಎಂದೆ. "ಸಮಯವಿದೆ ಅಂತಲೇ ನಾನೂ ಅಂದುಕೊಂಡಿದ್ದೆ" ಎಂದು ಅಮ್ಮಿ ಫೋನು ಇಟ್ಟರು.